ಜೂಲಿ ಮಾವು: ಗಿಡ್ಡ ಮರ, ಚಪ್ಪಟೆ ಹಣ್ಣು, ಬಿಡದ ಚಿಬ್ಬು ರೋಗ

ಕೆರಿಬಿಯನ್ ದ್ವೀಪಗಳಾದ ಜಮೈಕಾ, ಟ್ರಿನಿಡಾಡ್‌ಗಳ ಸಂತೆಯಲ್ಲಿ ಜೂಲಿ ಮಾವನ್ನು ಗುರುತಿಸಲು ಆಕಾರವೇ ಸಾಕು. ಎರಡೂ ಪಕ್ಕ ಅದುಮಿದಂತೆ ಚಪ್ಪಟೆ. ತೂಕ 200ರಿಂದ 300 ಗ್ರಾಂ. ಹಸಿರು ಮಿಶ್ರಿತ ಹಳದಿ ಸಿಪ್ಪೆ, ಬಿಸಿಲು ತಾಗಿದ ಕಡೆ ತುಸು ಕೆಂಪು. ತಿರುಳು ಗಾಢ ಕಿತ್ತಳೆ, ನಾರು ಕಡಿಮೆ, ಘಮ ಜಾಸ್ತಿ. ಪೂರ್ತಿ ಹಣ್ಣಾದರೆ ಹೋಳು ನಿಲ್ಲದು, ಚಮಚವೇ ಗತಿ.

ಮಾವು ಈ ದ್ವೀಪಗಳದ್ದಲ್ಲ. 1782ರಲ್ಲಿ ಮಾರಿಷಸ್ ಕಡೆಯಿಂದ ಹಿಸ್ಪಾನಿಯೋಲಾಕ್ಕೆ (ಈಗಿನ ಹೈಟಿ, ಡೊಮಿನಿಕನ್ ಗಣರಾಜ್ಯಗಳ ದ್ವೀಪ) ಸಸಿಗಳನ್ನು ಹೊತ್ತೊಯ್ಯುತ್ತಿದ್ದ ಫ್ರೆಂಚ್ ಹಡಗನ್ನು ಬ್ರಿಟಿಷ್ ಅಡ್ಮಿರಲ್ ರಾಡ್ನಿಯ ಪಡೆಯ ಕ್ಯಾಪ್ಟನ್ ಮಾರ್ಷಲ್ ಹಿಡಿದು ಜಮೈಕಾಕ್ಕೆ ತಂದ. ಸಸಿಗಳಿಗೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಜಮೈಕಾದವರು ಇಂದಿಗೂ 'ನಂಬರ್ ಇಲೆವೆನ್' ಎಂದು ಕೇಳಿ ತಿನ್ನುವುದು ಅದರಲ್ಲೊಂದನ್ನು. ಓಟೆಯಿಂದ ಹುಟ್ಟಿ ಗುಡ್ಡಬೆಟ್ಟಕ್ಕೆ ಹಬ್ಬಿದ ಮಾವು ಹೆಚ್ಚಾಗಿ ನಾರಿನದು, ಚೀಪಲು ಮಾತ್ರ ಲಾಯಕ್ಕು. 1869ರಲ್ಲಿ ಭಾರತದಿಂದ ಕಸಿ ಗಿಡಗಳನ್ನೂ ತರಿಸಿದರು.

ಜೂಲಿಗೂ ಕಸಿಯೇ ದಾರಿ. ಅದರ ಓಟೆಯಲ್ಲಿ ಇರುವುದು ಒಂದೇ ಭ್ರೂಣ, ಅದೂ ಪರಾಗಸ್ಪರ್ಶದಿಂದ ಆದದ್ದು. ಬಿತ್ತಿದರೆ ತಾಯಿಯ ಗುಣ ಬರುವ ಖಾತ್ರಿಯಿಲ್ಲ. ಫ್ಲೋರಿಡಾದ 'ಕ್ಯಾರಿ' ಹುಟ್ಟಿದ್ದು ಜೂಲಿಯ ಓಟೆಯಿಂದಲೇ, ಆದರೆ ಹಣ್ಣು ಬೇರೆ. ಹಾಗಾಗಿ ಪೆನ್ಸಿಲ್ ದಪ್ಪದ ನಾರುಮಾವಿನ ಸಸಿಯನ್ನು ಬುಡವಾಗಿ ಬಳಸುತ್ತಾರೆ. ಜೂಲಿಯ ಬಲಿತ ತುದಿರೆಂಬೆಯ ಎಲೆಗಳನ್ನು ವಾರದಿಂದ ಹತ್ತು ದಿನ ಮೊದಲೇ ತೊಟ್ಟು ಉಳಿಸಿ ಕತ್ತರಿಸಬೇಕು. ಮೊಗ್ಗು ಉಬ್ಬಿದಾಗ ಕಡ್ಡಿ ತೆಗೆದು, ಅದರ ಕೆಳತುದಿಯನ್ನು ಮೂರು ಸೆಂ.ಮೀ. ಬೆಣೆಯಂತೆ ಕೆತ್ತಿ, ಸಸಿಯ ಸೀಳಿಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಕಡ್ಡಿ ಸಸಿಗಿಂತ ತೆಳುವಾಗಿದ್ದರೆ ಒಂದು ಬದಿಯ ತೊಗಟೆಯಾದರೂ ತೊಗಟೆಗೆ ಕೂಡಲೇಬೇಕು. ನಡುವೆ ಕೂರಿಸಿದರೆ ಕಡ್ಡಿ ಒಣಗುತ್ತದೆ. ನೀರು ಇಳಿದರೆ ಕೊಳೆಯುತ್ತದೆ.

ಮರ ಗಿಡ್ಡ, ಬೆಳವಣಿಗೆ ನಿಧಾನ. ಸವರುತ್ತಿದ್ದರೆ ಹತ್ತಡಿಯೊಳಗೇ ಇರುತ್ತದೆ. ಪುಟ್ಟ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಮಾವು ಹುಡುಕುವುದು ಕಷ್ಟ, ಮಳೆ ಕಡಿಮೆಯಿದ್ದರೆ. ಹೂ ಬಿಡುವಾಗ ಮಳೆಯೋ ಮಂಜೋ ಹಿಡಿದುಕೊಂಡರೆ ಚಿಬ್ಬು ರೋಗ (ಆಂಥ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ) ತಗಲಿ ಹೂತೆನೆ ಕಪ್ಪಾಗಿ ಉದುರುತ್ತದೆ. ಎಳೆಗಾಯಿಗೆ ಹೊಕ್ಕ ಶಿಲೀಂಧ್ರ ಸುಮ್ಮನೆ ಕೂತಿದ್ದು, ಹಣ್ಣಾಗುವಾಗ ಕಪ್ಪು ಚುಕ್ಕೆಯಾಗಿ ಹೊರಬರುತ್ತದೆ. ಕಿತ್ತಾಗ ಚೆನ್ನಾಗಿದ್ದ ಕಾಯಿ ಬುಟ್ಟಿಯಲ್ಲಿ ಕೆಡುವುದು ಇದರಿಂದಲೇ. ತೆನೆ ಹೊರಡುವ ಮುಂಚೆ ಒಣರೆಂಬೆ ಕತ್ತರಿಸಿ, ತಾಮ್ರದ ಔಷಧಿ ಸಿಂಪಡಿಸುವುದು ರೂಢಿ. ರೋಗ ಕಂಡ ಮೇಲೆ ಸಿಂಪಡಿಸಿ ಫಲವಿಲ್ಲ.

ತೊಟ್ಟಿನ ಸುತ್ತ ಕಾಯಿಯ ಭುಜ ತುಂಬಿಕೊಂಡಾಗ, ಎರಡು ಸೆಂ.ಮೀ. ತೊಟ್ಟು ಬಿಟ್ಟು ಕೀಳಬೇಕು; ಸೊನೆ ಹರಿದರೆ ಸಿಪ್ಪೆ ಸುಟ್ಟು ಕಲೆಯಾಗುತ್ತದೆ. ಕಾಯಿಯನ್ನು ಫ್ರಿಜ್‌ನಲ್ಲಿಟ್ಟರೆ ಸರಿಯಾಗಿ ಹಣ್ಣಾಗದು. ಸಿಪ್ಪೆ ಪೂರ್ತಿ ಹಳದಿಯಾಗಲೆಂದು ಕಾಯುವುದೂ ತಪ್ಪು: ತೊಟ್ಟಿನ ಬಳಿ ಘಮ ಬಂದು, ಒತ್ತಿದರೆ ಮೆದುವಾಗಿದ್ದರೆ ಹಸಿರಿದ್ದರೂ ಹಣ್ಣು ತಯಾರು.