ರೆಕ್ಕೆಯ ಚಿತ್ತಾರದಿಂದ ವರ್ಣತಂತುವಿನ ಪಟ್ಟಿಗಳಿಗೆ: ಹವಾಯಿಯ ಚಿತ್ರರೆಕ್ಕೆ ನೊಣಗಳು

ಪ್ರಯೋಗಾಲಯದ ಸೀಸೆಗಳಲ್ಲಿ ಸಾಕುವ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ನೊಣವನ್ನು ಕಂಡವರಿಗೆ ಹವಾಯಿಯ ಮಳೆಕಾಡಿನ ಚಿತ್ರರೆಕ್ಕೆ ನೊಣವನ್ನು ತೋರಿಸಿ, ಇವೆರಡೂ ಒಂದೇ ಕುಲದವು ಎಂದರೆ ಸುಲಭವಾಗಿ ನಂಬಲಾರರು. ಮೊದಲನೆಯದು ಎರಡೂವರೆ ಮೂರು ಮಿಲಿಮೀಟರ್ ಉದ್ದದ ಕಂದು ಚುಕ್ಕೆ. ಎರಡನೆಯದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ದೊಡ್ಡದು. ಪಾರದರ್ಶಕ ರೆಕ್ಕೆಯ ಮೇಲೆ ಕಪ್ಪು, ಕಂದು ಬಣ್ಣದ ಮಚ್ಚೆಗಳು, ಪಟ್ಟೆಗಳು. ಪ್ರಭೇದ ಬದಲಾದರೆ ಚಿತ್ತಾರವೂ ಬದಲು. ಇಂಥ ಪ್ರಭೇದಗಳು ಹವಾಯಿಯಲ್ಲಿ ನೂರಕ್ಕೂ ಹೆಚ್ಚಿವೆ, ಜಗತ್ತಿನ ಬೇರೆಲ್ಲೂ ಇಲ್ಲ. ಚಿತ್ರರೆಕ್ಕೆಯ ನೊಣ ಎಂಬ ಹೆಸರು ಯುಲಿಡಿಡೇ, ಪ್ಲಾಟಿಸ್ಟೊಮ್ಯಾಟಿಡೇ ಕುಟುಂಬಗಳ ನೊಣಗಳಿಗೂ ಸಲ್ಲುತ್ತದೆ. ಅವು ಬೇರೆಯೇ ಬಳಗ. ಜೀವವಿಕಾಸದ ಅಧ್ಯಯನಕ್ಕೆ ದೊಡ್ಡ ತಿರುವು ಕೊಟ್ಟದ್ದು ಹವಾಯಿಯ ಗುಂಪು.

1890ರ ದಶಕದಲ್ಲಿ ರಾಬರ್ಟ್ ಪರ್ಕಿನ್ಸ್ ಈ ದ್ವೀಪಗಳ ಕಾಡುಗಳನ್ನು ಅಲೆದು ಕೀಟಗಳನ್ನು ಸಂಗ್ರಹಿಸಿದರು. ಅದರಲ್ಲಿದ್ದ ನೊಣಗಳನ್ನು 1901ರಲ್ಲಿ ಪರ್ಸಿ ಗ್ರಿಮ್‌ಶಾ ವಿವರಿಸಿದರು. ಕೆಲವು ದೊಡ್ಡ ನೊಣಗಳ ರೆಕ್ಕೆಯಲ್ಲಿ ಉಳಿದವುಗಳಲ್ಲಿಲ್ಲದ ಒಂದು ಅಡ್ಡನರ ಕಂಡಿತು. ಇಷ್ಟು ಎದ್ದು ಕಾಣುವ ಲಕ್ಷಣವಿದ್ದರೆ ಅವು ಬೇರೆ ಕುಲವೇ ಇರಬೇಕೆಂದು ಬಗೆದು ಅವರು ಇಡಿಯೊಮಿಯಾ ಎಂಬ ಹೊಸ ಕುಲವನ್ನೇ ಕಟ್ಟಿದರು. ನೊಣಗಳ ವರ್ಗೀಕರಣದಲ್ಲಿ ರೆಕ್ಕೆಯ ನರಗಳಿಗೆ ಮೊದಲಿನಿಂದಲೂ ದೊಡ್ಡ ಸ್ಥಾನವಿದೆ, ಆದ್ದರಿಂದ ಅವರ ನಿರ್ಧಾರ ಆ ಕಾಲಕ್ಕೆ ಸಹಜವೇ ಆಗಿತ್ತು. 1910ರಲ್ಲಿ ಪರ್ಕಿನ್ಸ್ ಸ್ವತಃ ಹೆಟೆರೊನ್ಯೂರಾ, ಸಿಲ್ವೆಸ್ಟ್ರಿಸ್ ಎಂಬ ಎರಡು ಪ್ರಭೇದಗಳನ್ನು ಇದೇ ಕುಲಕ್ಕೆ ಸೇರಿಸಿದರು. ಆದರೆ ಆ ಒಂದು ನರವನ್ನು ನಂಬಿ ಕಟ್ಟಿದ ಗೋಡೆ ಉಳಿಯಲಿಲ್ಲ.

1963ರಲ್ಲಿ ಎಲ್ಮೊ ಹಾರ್ಡಿ ಮತ್ತು ವಿಲ್ಸನ್ ಸ್ಟೋನ್ ಹವಾಯಿ ಡ್ರೊಸೊಫಿಲಾ ಯೋಜನೆಯನ್ನು ಆರಂಭಿಸಿದರು. ವರ್ಗೀಕರಣ ತಜ್ಞರು, ತಳಿವಿಜ್ಞಾನಿಗಳು, ವರ್ತನೆಯನ್ನು ಅಭ್ಯಸಿಸುವವರು ಒಂದೇ ನೊಣವನ್ನು ತಮ್ಮ ತಮ್ಮ ದಿಕ್ಕಿನಿಂದ ನೋಡುವ ಏರ್ಪಾಡು ಅದು. ಅಲ್ಲಿಗೆ ಬಂದ ಹ್ಯಾಂಪ್ಟನ್ ಕಾರ್ಸನ್ ರೆಕ್ಕೆಯನ್ನು ಬದಿಗಿಟ್ಟು ಮರಿಹುಳುವಿನ ಲಾಲಾಗ್ರಂಥಿಗಳನ್ನು ಬಿಡಿಸಿ ನೋಡತೊಡಗಿದರು.

ಈ ಗ್ರಂಥಿಯ ಜೀವಕೋಶಗಳು ವಿಭಜನೆಯಾಗದೆಯೇ ತಮ್ಮ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತವೆ. ಎಳೆಗಳೆಲ್ಲ ಪಕ್ಕಪಕ್ಕದಲ್ಲಿ ಅಂಟಿಕೊಂಡು ದಪ್ಪನೆಯ ದೈತ್ಯ ವರ್ಣತಂತುಗಳಾಗುತ್ತವೆ. ಬಣ್ಣ ಹಾಕಿ ಗಾಜಿನ ಮೇಲೆ ಹಿಸುಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದಕ್ಕೂ ದಟ್ಟ ಮತ್ತು ತೆಳು ಅಡ್ಡಪಟ್ಟಿಗಳು ಕಾಣುತ್ತವೆ. ಪ್ರಭೇದವೊಂದರಲ್ಲಿ ಈ ಪಟ್ಟಿಗಳ ಅನುಕ್ರಮ ನಿಶ್ಚಿತ. ಎಂದೋ ಒಮ್ಮೆ ವರ್ಣತಂತುವಿನ ಒಂದು ಭಾಗ ಎರಡು ಕಡೆ ತುಂಡಾಗಿ, ತಿರುವುಮುರುವಾಗಿ ಮತ್ತೆ ಕೂಡಿಕೊಳ್ಳಬಹುದು. ಆಗ ಅ-ಆ-ಇ-ಈ-ಉ ಎಂದಿದ್ದದ್ದು ಅ-ಈ-ಇ-ಆ-ಉ ಆಗುತ್ತದೆ. ಸರಿಯಾಗಿ ಅವೇ ಎರಡು ಜಾಗಗಳಲ್ಲಿ ಇನ್ನೊಮ್ಮೆ ಪ್ರತ್ಯೇಕವಾಗಿ ತುಂಡಾಗುವ ಸಂಭವ ತೀರಾ ಕಡಿಮೆ. ಹಾಗಾಗಿ ಎರಡು ಪ್ರಭೇದಗಳಲ್ಲಿ ಒಂದೇ ತಿರುವು ಕಂಡರೆ, ಅವೆರಡಕ್ಕೂ ಅದು ಒಬ್ಬನೇ ಪೂರ್ವಜನಿಂದ ಬಂದಿದೆ ಎಂದರ್ಥ.

ಡ್ರೊಸೊಫಿಲಾ ಗ್ರಿಮ್‌ಶಾಯಿ ಪ್ರಭೇದದ ಅನುಕ್ರಮವನ್ನು ಅಳತೆಗೋಲಾಗಿ ಇಟ್ಟುಕೊಂಡು ಕಾರ್ಸನ್ ಮತ್ತು ಸಂಗಡಿಗರು ಉಳಿದ ಪ್ರಭೇದಗಳನ್ನು ಒಂದೊಂದಾಗಿ ಹೋಲಿಸುತ್ತ ಹೋದರು. 1983ರ ಹೊತ್ತಿಗೆ ನೂರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಇನ್ನೂರಕ್ಕೂ ಹೆಚ್ಚು ತಿರುವುಗಳು ದಾಖಲಾಗಿದ್ದವು. ಒಂದು ತೊಡಕು ಮಾತ್ರ ಉಳಿದಿತ್ತು. ಈ ತಿರುವುಗಳು ಯಾರು ಯಾರಿಗೆ ಹತ್ತಿರ ಎಂದು ಹೇಳುತ್ತವೆ, ಯಾರು ಮೊದಲು ಬಂದರು ಎಂದು ಹೇಳುವುದಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ನೆಲದಲ್ಲಿ. ಹವಾಯಿ ದ್ವೀಪಗಳು ವಾಯವ್ಯದಿಂದ ಆಗ್ನೇಯಕ್ಕೆ ಒಂದರ ನಂತರ ಒಂದು ಹುಟ್ಟಿದ ಜ್ವಾಲಾಮುಖಿಗಳು. ಕವಾಯಿಗೆ ಸುಮಾರು 50 ಲಕ್ಷ ವರ್ಷ ವಯಸ್ಸು. ಆಗ್ನೇಯ ತುದಿಯ ಹವಾಯಿ ದ್ವೀಪ ಎಲ್ಲಕ್ಕಿಂತ ಕಿರಿಯದು. ಕಿರಿಯ ದ್ವೀಪದ ಪ್ರಭೇದ ಹಿರಿಯ ದ್ವೀಪದ ಪ್ರಭೇದಕ್ಕೆ ಪೂರ್ವಜನಾಗುವುದು ಕಷ್ಟ. ವರ್ಣತಂತುವಿನ ನಕ್ಷೆಯನ್ನು ದ್ವೀಪಗಳ ವಯಸ್ಸಿನೊಂದಿಗೆ ಇಟ್ಟು ನೋಡಿದಾಗ ವಂಶವೃಕ್ಷದ ಬೇರು ಕವಾಯಿಯ ಡ್ರೊಸೊಫಿಲಾ ಪ್ರೈಮೀವಾದ ಹತ್ತಿರ ನಿಂತಿತು. ಹೊಸ ದ್ವೀಪಕ್ಕೆ ಗಾಳಿಗೆ ಸಿಕ್ಕಿ ಬಂದ ಬಸುರಿ ನೊಣ ಒಂದೇ ಒಂದಾದರೂ ಹೊಸ ಪ್ರಭೇದಕ್ಕೆ ತಾಯಿಯಾಗಬಹುದು ಎಂಬ ವಾದವನ್ನು ಕಾರ್ಸನ್ ಮಂಡಿಸಿದ್ದು ಈ ಬಲದ ಮೇಲೆಯೇ.

ಇಷ್ಟರ ನಡುವೆ ಇಡಿಯೊಮಿಯಾ ಕರಗಿಹೋಯಿತು. ಹೆಚ್ಚುವರಿ ನರವಿದ್ದ ನೊಣಗಳ ವರ್ಣತಂತುಗಳು ಉಳಿದ ಚಿತ್ರರೆಕ್ಕೆಗಳ ವಂಶದೊಳಗೇ ಸೇರಿಕೊಂಡವು. ಈಗ ಈ ಬಳಗದಲ್ಲಿ ಮುಖ್ಯವಾಗಿ ಅಡಿಯಾಸ್ಟೊಲಾ, ಪ್ಲಾನಿಟಿಬಿಯಾ, ಗ್ರಿಮ್‌ಶಾಯಿ ಎಂಬ ಗುಂಪುಗಳನ್ನೂ ಪ್ರೈಮೀವಾದ ಚಿಕ್ಕ ಕವಲನ್ನೂ ಗುರುತಿಸುತ್ತಾರೆ.

ವರ್ಣತಂತುವೂ ಎಲ್ಲವನ್ನೂ ಹೇಳಲಿಲ್ಲ ಎಂಬುದು ನನಗೆ ಈ ಕಥೆಯ ಅತ್ಯಂತ ಸೊಗಸಾದ ಭಾಗ. ಹೆಟೆರೊನ್ಯೂರಾ ಮತ್ತು ಸಿಲ್ವೆಸ್ಟ್ರಿಸ್ ಎರಡೂ ಹವಾಯಿ ದ್ವೀಪದವು, ಎರಡರ ಮರಿಗಳೂ ಕ್ಲೆರ್ಮಾಂಟಿಯಾ ಗಿಡದ ಕೊಳೆತ ತೊಗಟೆಯಲ್ಲಿ ಬೆಳೆಯುತ್ತವೆ. ಮೂಲ ಪಟ್ಟಿಗಳ ಅನುಕ್ರಮದಿಂದ ಅವನ್ನು ಬೇರ್ಪಡಿಸಲಾಗದು. ಪ್ರಯೋಗಾಲಯದಲ್ಲಿ ಕೂಡಿಸಿದರೆ ಫಲವತ್ತಾದ ಸಂತತಿಯೂ ಹುಟ್ಟುತ್ತದೆ. ಆದರೆ ಗಂಡುಗಳನ್ನು ನೋಡಿ! ಹೆಟೆರೊನ್ಯೂರಾ ಗಂಡಿನ ತಲೆ ಎರಡೂ ಬದಿಗೆ ಸುತ್ತಿಗೆಯಂತೆ ಚಾಚಿಕೊಂಡು, ಕಣ್ಣುಗಳು ತುದಿಗಳಲ್ಲಿ ಕೂತಿರುತ್ತವೆ. ಎದುರಾಳಿ ಬಂದರೆ ಎರಡೂ ಹಣೆಗೆ ಹಣೆ ಕೊಟ್ಟು ತಳ್ಳಾಡುತ್ತವೆ. ಸಿಲ್ವೆಸ್ಟ್ರಿಸ್ ಗಂಡಿನ ತಲೆ ಸಾಮಾನ್ಯವಾದದ್ದು. ಅದು ಮೈ ಎತ್ತಿ ನಿಂತು ಕುಸ್ತಿಗಿಳಿಯುತ್ತದೆ. ಹೆಣ್ಣನ್ನು ಒಲಿಸುವಾಗ ಮುಂಗಾಲಿನ ಸೂಕ್ಷ್ಮ ರೋಮಗಳನ್ನು ಅದರ ಹೊಟ್ಟೆಯ ಮೇಲೆ ಕಂಪಿಸುತ್ತದೆ. ದ್ವೀಪದ ಕೋನಾ ಕಡೆಯ ಗಂಡುಗಳಲ್ಲಿ ಈ ರೋಮಗಳದ್ದು ಎರಡು ಸಾಲು, ಹಿಲೊ ಕಡೆಯವುಗಳಲ್ಲಿ ನಡುವೆ ಮೂರನೆಯ ಸಾಲೂ ಇದೆ.

ಹೀಗಾಗಿ ಇಲ್ಲಿ ಪ್ರಭೇದಗಳನ್ನು ಬೇರ್ಪಡಿಸುವ ಕೆಲಸದಲ್ಲಿ ದೊಡ್ಡ ಪಾಲು ಹೆಣ್ಣಿನ ಆಯ್ಕೆಯದು. ಹಲವು ಪ್ರಭೇದಗಳ ಗಂಡುಗಳು ಆಹಾರವಿರುವ ಜಾಗ ಬಿಟ್ಟು, ಎಲೆಯೋ ಜರೀಗಿಡದ ಕಾಂಡವೋ ಒಂದನ್ನು ತಮ್ಮದೆಂದು ಹಿಡಿದು ಕಾಯುತ್ತವೆ. ಗ್ರಿಮ್‌ಶಾಯಿ ಗಂಡು ಹೊಟ್ಟೆಯ ತುದಿಯನ್ನು ಎಲೆಗೆ ಎಳೆಯುತ್ತ ತೆಳುವಾದ ದ್ರವದ ಗೆರೆ ಬಳಿದು ತನ್ನ ವಾಸನೆಯನ್ನು ಬಿಡುತ್ತದೆ. 1976ರಲ್ಲಿ ಕೆನೆತ್ ಕನೆಶಿರೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿರಿಯ ಪ್ರಭೇದದ ಹೆಣ್ಣು ಕಿರಿಯ ಪ್ರಭೇದದ ಗಂಡನ್ನು ತಿರಸ್ಕರಿಸುತ್ತದೆ, ಕಿರಿಯ ಪ್ರಭೇದದ ಹೆಣ್ಣು ಹಿರಿಯ ಪ್ರಭೇದದ ಗಂಡನ್ನು ಹೆಚ್ಚು ಸುಲಭವಾಗಿ ಒಪ್ಪುತ್ತದೆ. ಆದ್ದರಿಂದ ಒಲಿಸುವಿಕೆಯ ಪ್ರಯೋಗದಿಂದಲೇ ವಂಶದ ದಿಕ್ಕನ್ನು ಊಹಿಸಬಹುದು ಎಂದರು. ಇದರ ಬಗ್ಗೆ ವಾದವಿವಾದ ಬಹಳ ನಡೆದಿದೆ.

ಡಿಎನ್‌ಎ ಅಧ್ಯಯನ ಬಂದ ಮೇಲೆ ಕುಲದ ಪ್ರಶ್ನೆ ಮತ್ತೆ ತೆರೆದುಕೊಂಡಿದೆ. ಹವಾಯಿಯ ಡ್ರೊಸೊಫಿಲಾಗಳಿಗೆ ಅತಿ ಹತ್ತಿರದ ನೆಂಟ ಮೆಲನೊಗ್ಯಾಸ್ಟರ್ ಅಲ್ಲ, ಬೇರೆ ಕುಲವೆಂದು ಎಣಿಸಲಾದ ಸ್ಕ್ಯಾಪ್ಟೊಮೈಜಾ. ಅಂದರೆ ಡ್ರೊಸೊಫಿಲಾ ಎಂಬ ಕುಲವೇ ಒಂದು ಪೂರ್ಣ ವಂಶವಲ್ಲ. ಅದನ್ನು ಒಡೆದರೆ ಹವಾಯಿಯ ನೊಣಗಳಿಗೆ ಇಡಿಯೊಮಿಯಾ ಎಂಬ ಹಳೆಯ ಹೆಸರೇ ಮರಳಬಹುದು. ಕೆಲವರು ಆಗಲೇ ಹಾಗೆ ಬಳಸುತ್ತಿದ್ದಾರೆ. ಗ್ರಿಮ್‌ಶಾ ಕೊಟ್ಟ ಕಾರಣ ತಪ್ಪಾಗಿದ್ದರೂ ನಾಮಕರಣದ ನಿಯಮದಲ್ಲಿ ಮೊದಲು ಬಂದ ಹೆಸರಿಗೇ ಮಾನ್ಯತೆ.

ಹೆಸರು ಯಾವುದೇ ಇರಲಿ, ನೊಣಗಳ ಸ್ಥಿತಿ ಕೆಟ್ಟಿದೆ. 2006ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ 12 ಚಿತ್ರರೆಕ್ಕೆ ಪ್ರಭೇದಗಳನ್ನು ಸಂರಕ್ಷಣಾ ಪಟ್ಟಿಗೆ ಸೇರಿಸಿತು: 11 ಅಳಿವಿನಂಚಿನವು, ಒಂದು ಅಪಾಯಕ್ಕೆ ಒಳಗಾದದ್ದು. ಹೆಟೆರೊನ್ಯೂರಾ ಆ 11ರಲ್ಲಿ ಒಂದು. ಆರು ಪ್ರಭೇದಗಳು ಓಹು ದ್ವೀಪದವು. ಹೊರಗಿನಿಂದ ಬಂದ ಇರುವೆಗಳು ಮತ್ತು ಹಳದಿ ಪಟ್ಟೆಯ ಬೇಟೆಗಾರ ಕಣಜಗಳು ನೊಣಗಳಿಗೆ ಕಂಟಕವಾಗಿವೆ. ಅದಕ್ಕಿಂತ ದೊಡ್ಡ ಪೆಟ್ಟು ಗಿಡಗಳ ಮೇಲೆ ಬಿದ್ದಿದೆ. ಅಪಾಯಕ್ಕೆ ಒಳಗಾದ ಮುಲ್ಲಿ ಪ್ರಭೇದಕ್ಕೆ ಒಂದು ಬಗೆಯ ಪ್ರಿಚಾರ್ಡಿಯಾ ತಾಳೆಯ ಆಸರೆ ಬೇಕು, ಕವಾಯಿಯ ಮ್ಯೂಸಫಿಲಿಯಾಕ್ಕೆ ಕೋವಾ ಮರದಿಂದ ಒಸರುವ ರಸ ಬೇಕು. ಕಾಡುಹಂದಿ, ಆಡುಗಳು ಸಸಿಗಳನ್ನು ತಿಂದು ತುಳಿದು ಹಾಕುತ್ತಿವೆ. ತೊಗಟೆಯಲ್ಲಿ ಬೆಳೆಯುವ ಪ್ರಭೇದಗಳಿಗೆ ಬದುಕಿರುವ ಮರವಷ್ಟೇ ಸಾಲದು. ಮರಿಹುಳುವಿಗೆ ಬೇಕಿರುವುದು ಸತ್ತು ಕೊಳೆಯುತ್ತಿರುವ ಕೊಂಬೆ. ಎಳೆಯ ಗಿಡ, ಮಾಗಿದ ಮರ, ಬಿದ್ದ ಕೊಂಬೆ ಮೂರೂ ಒಂದೇ ಕಾಡಿನಲ್ಲಿ ಇರಬೇಕು. ಬೇಲಿ ಹಾಕಿ ಹಂದಿಗಳನ್ನು ಹೊರಗಿಟ್ಟು ಇಂದು ನೆಟ್ಟ ಸಸಿ ನೊಣಕ್ಕೆ ಉಪಯೋಗಕ್ಕೆ ಬರುವುದು ಅದು ಬೆಳೆದು ಕೊಂಬೆಗಳು ಸಾಯತೊಡಗಿದಾಗ. ಅಲ್ಲಿಯವರೆಗೆ ಉಳಿದಿರುವ ಹಳೆಯ ಮರಗಳು ನಿಂತಿರಬೇಕು.