ಬೆರಳಿನ ಮೇಲೆ ಮೈಭಾರ ಬೀಳುವುದಿಲ್ಲವಲ್ಲ, ಮತ್ತೇಕೆ ತೂಕ ಇಳಿಸಬೇಕು?

ಪ್ರಶ್ನೆ: ನನಗೆ 46 ವರ್ಷ. ಬೀಡಿ ಕಟ್ಟುತ್ತೇನೆ. ಎರಡೂ ಕೈಗಳ ಬೆರಳಿನ ಗಂಟುಗಳು ಊದಿಕೊಂಡು, ಬೆಳಿಗ್ಗೆ ಒಂದು ಗಂಟೆ ಮುಷ್ಟಿ ಮಡಚಲು ಆಗುವುದಿಲ್ಲ. ರುಮಟಾಯ್ಡ್ ಸಂಧಿವಾತ ಎಂದು ಮಾತ್ರೆ ಕೊಟ್ಟಿದ್ದಾರೆ. ಹೋದಾಗಲೆಲ್ಲ ಡಾಕ್ಟರು ‘ತೂಕ ಇಳಿಸಿ’ ಎನ್ನುತ್ತಾರೆ. ಮೊಣಕಾಲು ನೋವಿನವರಿಗೆ ಹಾಗೆ ಹೇಳಿದರೆ ಅರ್ಥವಿದೆ. ಬೆರಳಿಗೂ ಹೊಟ್ಟೆಗೂ ಏನು ಸಂಬಂಧ?
– ಓದುಗರು, ಕಟಪಾಡಿ

ಉತ್ತರ: ಸುರತ್ಕಲ್, ಬಂಟ್ವಾಳ, ಬ್ರಹ್ಮಾವರ ಎಂದು ಎಲ್ಲ ಕಡೆಯಿಂದಲೂ ಈ ಪ್ರಶ್ನೆ ಬರುತ್ತಲೇ ಇದೆ. ಉತ್ತರವನ್ನೂ ಬರೆಯುತ್ತಲೇ ಇದ್ದೇನೆ. ಬರೆದದ್ದು ಎಲ್ಲಿ ಹೋಗುತ್ತದೋ ತಿಳಿಯದು, ಮರುವಾರ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಆದರೆ ನೀವು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದ್ದೀರಿ. ಬೆರಳಿನ ಮೇಲೆ ಯಾರೂ ನಿಲ್ಲುವುದಿಲ್ಲ, ನಿಜ. ಅದಕ್ಕೇ ನಿಮ್ಮ ಡಾಕ್ಟರು ಹೇಳುತ್ತಿರುವುದು ಭಾರದ ಮಾತಲ್ಲ.

ತೂಕವೆಂದರೆ ಭಾರ, ಭಾರವೆಂದರೆ ಗಂಟು ಸವೆತ. ನಮ್ಮವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿರುವ ಈ ಲೆಕ್ಕವನ್ನು ಇವತ್ತು ಬಿಡಿಸಿಯೇ ತೀರುತ್ತೇನೆ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆಯುವ ಸಂಧಿವಾತಕ್ಕೆ ಈ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು ಅಳೆದು ತೋರಿಸಿದ್ದಾರೆ. ನಿಮ್ಮದು ಆ ಕಾಯಿಲೆಯಲ್ಲ. ನಿಮ್ಮ ಗಂಟು ಸವೆದು ಊದಿದ್ದಲ್ಲ. ರೋಗಾಣುಗಳನ್ನು ಎದುರಿಸಬೇಕಾದ ನಿಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಗಂಟಿನ ಒಳಪದರದ ಮೇಲೆ ಬಿದ್ದಿದೆ. ಆದ್ದರಿಂದಲೇ ಎರಡೂ ಕೈಗಳಲ್ಲಿ, ಅದೂ ಸಣ್ಣ ಗಂಟುಗಳಲ್ಲಿ ಊತ. ಆದ್ದರಿಂದಲೇ ರಾತ್ರಿಯಿಡೀ ವಿಶ್ರಾಂತಿ ಪಡೆದ ಕೈ ಬೆಳಿಗ್ಗೆ ಮಡಚುವುದಿಲ್ಲ.

ಹಾಗಾದರೆ ಬೊಜ್ಜಿಗೆ ಇಲ್ಲೇನು ಕೆಲಸ? ಅಟ್ಟದ ಮೇಲಿಟ್ಟ ಅಕ್ಕಿಮುಡಿಯಂತೆ, ಬೇಕಾದಾಗ ತೆಗೆದುಕೊಳ್ಳಲು ಸುಮ್ಮನೆ ಬಿದ್ದಿರುವ ದಾಸ್ತಾನು ಎಂದು ನಾವು ಕೊಬ್ಬನ್ನು ತಿಳಿದಿದ್ದೇವೆ. ವೈದ್ಯವಿಜ್ಞಾನವೂ ಬಹಳ ಕಾಲ ಹಾಗೆಯೇ ತಿಳಿದಿತ್ತು. 1993ರಲ್ಲಿ ಬಾಸ್ಟನ್ನಿನ ಸಂಶೋಧಕರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಎಂಬ, ಉರಿಯೂತ (ಊತ, ಬಿಸಿ, ನೋವು ತರುವ ದೇಹದ ಪ್ರತಿಕ್ರಿಯೆ) ಹುಟ್ಟಿಸುವ ಪದಾರ್ಥ ಹೆಚ್ಚಾಗಿ ತಯಾರಾಗುವುದನ್ನು ಕಂಡರು. ಸರಿಸುಮಾರು ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಇದೇ ಟಿಎನ್‌ಎಫ್ ಅನ್ನು ತಡೆದರೆ ರುಮಟಾಯ್ಡ್ ರೋಗಿಗಳ ಊತ ಇಳಿಯುತ್ತದೆ ಎಂದು ತೋರಿಸಿದರು. ಇವರು ನೋಡುತ್ತಿದ್ದದ್ದು ಗಂಟನ್ನು, ಅವರು ನೋಡುತ್ತಿದ್ದದ್ದು ಕೊಬ್ಬನ್ನು. ಸಿಕ್ಕಿದ್ದು ಒಂದೇ ಪದಾರ್ಥ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಹೊಸ ಹುರುಪು ಬರುತ್ತದೆ. ಮರುವರ್ಷ, 1994ರಲ್ಲಿ, ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಅದು ಹುಟ್ಟುವುದು ಮುಖ್ಯವಾಗಿ ಕೊಬ್ಬಿನ ಕೋಶದಲ್ಲಿ.

ಮುಂದಿನ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಅವುಗಳಿಗೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಸಾಯುತ್ತವೆ. ಸತ್ತದ್ದನ್ನು ತೆಗೆಯಲು ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸುತ್ತುವರಿಯುತ್ತವೆ. ಅವು ಬಂದು ಕೆಲಸ ಮುಗಿಸಿ ಹೋಗುವುದಿಲ್ಲ, ಅಲ್ಲಿಯೇ ಉಳಿದು ಉರಿಯೂತದ ಪದಾರ್ಥಗಳನ್ನು ಬಿಡುತ್ತಿರುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬುದು ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ, ಯಕೃತ್ತು ಸಿಆರ್‌ಪಿ ಎಂಬ, ಉರಿಯೂತ ಹೆಚ್ಚಿದಂತೆ ಏರುವ ಪ್ರೋಟೀನನ್ನು ತಯಾರಿಸುತ್ತದೆ. ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಇರುವುದು ಅದೇ ಸಿಆರ್‌ಪಿ. ಇತ್ತ ಹೆಚ್ಚಿದ ಲೆಪ್ಟಿನ್ ದಾಳಿ ಮಾಡುವ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಹುರಿದುಂಬಿಸುತ್ತದೆ, ದಾಳಿ ಸಾಕು ಎಂದು ತಡೆಯಬೇಕಾದ ನಿಯಂತ್ರಕ ಟಿ ಕೋಶಗಳನ್ನು ಕುಗ್ಗಿಸುತ್ತದೆ. ರಕ್ತ ಹರಿಯುವಲ್ಲೆಲ್ಲ ಇವೆಲ್ಲ ಹೋಗುತ್ತವೆ, ಬೆರಳಿನ ತುದಿಗೂ ಹೋಗುತ್ತವೆ. ನೀವು ಕೇಳಿದ ‘ಬೆರಳಿಗೂ ಹೊಟ್ಟೆಗೂ ಏನು ಸಂಬಂಧ’ ಎಂಬುದಕ್ಕೆ ಉತ್ತರ ಇಲ್ಲಿದೆ. ನಡುವೆ ಇರುವುದು ರಕ್ತ.

ಬೊಜ್ಜೇ ಈ ಕಾಯಿಲೆ ತಂದಿತು ಎಂದು ನಾನು ಹೇಳುತ್ತಿಲ್ಲ. ವಂಶವಾಹಿ, ಧೂಮಪಾನ ಹೀಗೆ ಬೇರೆ ಕಾರಣಗಳೂ ಇವೆ, ತೆಳ್ಳಗಿನವರಿಗೂ ಬರುತ್ತದೆ. ಬಂದ ಮೇಲೆ ಬೊಜ್ಜು ಏನು ಮಾಡುತ್ತದೆ ಎಂಬುದು ಮುಖ್ಯ. ಬೊಜ್ಜಿರುವ ರೋಗಿಗಳಲ್ಲಿ ಕಾಯಿಲೆ ಪೂರ್ತಿ ಹಿಡಿತಕ್ಕೆ ಬರುವುದು ಕಡಿಮೆ. ಟಿಎನ್‌ಎಫ್ ತಡೆಯುವ ದುಬಾರಿ ಇಂಜೆಕ್ಷನ್‌ಗಳೂ ಅವರಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದರೆ ಈ ಕಾಯಿಲೆಗೆ ಸಾಮಾನ್ಯವಾಗಿ ಬಳಸುವ ಮೆಥೊಟ್ರೆಕ್ಸೇಟ್ ಔಷಧ ಕೊಡುವಾಗ ಡಾಕ್ಟರು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ಬೊಜ್ಜಿರುವ ಮಹಿಳೆಯರಲ್ಲಿ ಸಂಧಿವಾತ ಇಲ್ಲದಿದ್ದರೂ ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ತುಸು ಏರಿರುವುದುಂಟು. ಹಾಗಾಗಿ ಚೀಟಿಯಲ್ಲಿ ದಪ್ಪಕ್ಷರದ ಸಂಖ್ಯೆ ಕಂಡ ಕೂಡಲೇ ಹೆದರಬೇಡಿ. ಪ್ರತಿ ಗಂಟನ್ನೂ ಒತ್ತಿ ನೋಡುವ ಡಾಕ್ಟರನ್ನು ನಂಬಿ.

ಇಷ್ಟು ಹೇಳಿದ ಮೇಲೆ ಕೆಲವರು ‘ಹಾಗಾದರೆ ತೂಕ ಇಳಿಸಿ ಮಾತ್ರೆ ಬಿಡಬಹುದಲ್ಲ’ ಎನ್ನುತ್ತಾರೆ. ಬಿಡಬಾರದು. ತೂಕ ಇಳಿದರೆ ಮಾತ್ರೆಗೆ ಕೆಲಸ ಸುಲಭವಾಗುತ್ತದೆ, ಮಾತ್ರೆಯ ಕೆಲಸವನ್ನು ಅದು ತಾನೇ ಮಾಡುವುದಿಲ್ಲ. ಔಷಧ ಬಿಟ್ಟ ತಿಂಗಳುಗಳಲ್ಲಿ ಸೊಟ್ಟಗಾದ ಬೆರಳು ಆಮೇಲೆ ನೆಟ್ಟಗಾಗುವುದಿಲ್ಲ. ಬೀಡಿ ಕಟ್ಟುವವರಿಗೆ ಬೆರಳೇ ಸಂಬಳ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ತೂಕ ಹೆಚ್ಚು? ಭಾರತೀಯರಿಗೆ ಬಿಎಂಐ (ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ಹೆಚ್ಚು, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಮಹಿಳೆಯರಿಗೆ 80 ಸೆಂಟಿಮೀಟರ್, ಪುರುಷರಿಗೆ 90 ಸೆಂಟಿಮೀಟರ್ ದಾಟಬಾರದು. ‘ಬೆಳಿಗ್ಗೆ ಅಜ್ಜರಕಾಡು ಪಾರ್ಕಿಗೆ ಹೋಗಿ ನಡೆಯಿರಿ’ ಎಂದು ನಿಮಗೆ ಹೇಳಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ನಿಮ್ಮ ಗಂಟುಗಳೇ ಏಳುವುದಿಲ್ಲ, ಎದ್ದ ಮೇಲೆ ಅಡುಗೆ, ಆಮೇಲೆ ಮಡಿಲಲ್ಲಿ ಮೊರ. ಸಂಜೆ ಕೈಕಾಲು ಸಡಿಲವಾಗಿರುವಾಗ ನಡೆಯಿರಿ. ಬೀಡಿ ಕೊಟ್ಟು ಬರುವ ದಾರಿಯಲ್ಲಿ ಸುತ್ತುಬಳಸಿನ ದಾರಿ ಹಿಡಿದರೂ ಆಯಿತು. ಗಂಟೆಗೊಮ್ಮೆ ಮೊರ ಕೆಳಗಿಟ್ಟು ಎದ್ದು ನಿಲ್ಲಿ.

ಊಟದ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರ ತರಿಸುವ ಒಂದು ಸಂಗತಿ ಇದೆ. ಮೀನು ನಂಜು ಎಂದು ಗಂಟುನೋವಿನವರಿಗೆ ಮೊದಲು ಬಿಡಿಸುವುದೇ ಬಂಗುಡೆ, ಬೂತಾಯಿಗಳನ್ನು. ಈ ಮೀನುಗಳಲ್ಲಿರುವ ಒಮೆಗಾ-3 ಕೊಬ್ಬು ಉರಿಯೂತವನ್ನು ತುಸು ತಗ್ಗಿಸುವಂಥದ್ದು. ಅದನ್ನು ಬಿಡಿಸಿದ ಮನೆಯಲ್ಲೇ ಸಂಜೆ ಚಹಾದ ಜೊತೆ ಗೋಳಿಬಜೆ, ಬನ್ಸ್ ತಪ್ಪುವುದಿಲ್ಲ. ಮೀನು ತಿನ್ನುವವರು ತಿನ್ನಿ. ರವೆ ಹಚ್ಚಿ ಎಣ್ಣೆಯಲ್ಲಿ ಕರಿಯುವ ಬದಲು ಪುಳಿಮುಂಚಿ ಮಾಡಿ. ತೂಕ ಏರಿಸುತ್ತಿರುವುದು ಕರಿದ ತಿಂಡಿ, ಮತ್ತು ಗಂಜಿಯಾದರೂ ಅನ್ನವಾದರೂ ಎರಡನೆಯ ಬಾರಿ ಬಡಿಸಿಕೊಳ್ಳುವ ಪಾಲು.

ಇನ್ನು, ಯಾರೂ ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತು. ಈ ಕಾಯಿಲೆಯಲ್ಲಿ ತೂಕ ತಾನಾಗಿಯೇ ಇಳಿದರೆ ಅದನ್ನು ಒಳ್ಳೆಯ ಸುದ್ದಿ ಎಂದು ಭಾವಿಸಬೇಡಿ. ಬಿಡದೆ ಉರಿಯುವ ಉರಿಯೂತ ಸ್ನಾಯುಗಳನ್ನು ಕರಗಿಸುತ್ತದೆ. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ಉಳಿದುಕೊಂಡರೆ ತೂಕದ ಯಂತ್ರದಲ್ಲಿ ಸಂಖ್ಯೆ ಬದಲಾಗುವುದೂ ಇಲ್ಲ. ಬಿಎಂಐ ಸರಿಯಾಗಿದೆ, ಆದರೆ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ನೆಲದಿಂದ ಏಳಲು ಗೋಡೆ ಹಿಡಿಯಬೇಕು ಎನ್ನುವವರನ್ನು ನೋಡಿ. ಬಹಳ ಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಸ್ಟಿರಾಯ್ಡ್ ಹಸಿವನ್ನೂ ಹೊಟ್ಟೆಯ ಕೊಬ್ಬನ್ನೂ ಹೆಚ್ಚಿಸುತ್ತದೆ, ಸ್ನಾಯುವನ್ನು ಕ್ಷೀಣಿಸುತ್ತದೆ. ಹಾಗೆಂದು ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ, ಕಡಿಮೆ ಮಾಡುವುದು ಡಾಕ್ಟರ ಕೆಲಸ. ಇಂಥವರು ಉಪವಾಸ ಮಾಡಿ ತೂಕ ಇಳಿಸಲು ಹೊರಟರೆ ಉಳಿದ ಸ್ನಾಯುವೂ ಹೋಗುತ್ತದೆ. ಅವರಿಗೆ ಬೇಕಾದದ್ದು ಮೊಟ್ಟೆ, ಮೀನು, ಹೆಸರುಕಾಳು, ಹುರುಳಿಯಂಥ ಪ್ರೋಟೀನು ಮತ್ತು ಫಿಸಿಯೋಥೆರಪಿಯವರು ಹೇಳಿಕೊಡುವ ಸ್ನಾಯು ಬಲಪಡಿಸುವ ವ್ಯಾಯಾಮ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ. ಅವರು ಸಂಧಿವಾತವನ್ನಷ್ಟೇ ಅಲ್ಲ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯಗಳನ್ನೂ ಪರೀಕ್ಷಿಸಿ ನೋಡುತ್ತಾರೆ.