ಬಿಪಿಗೆ ಕಿಡ್ನಿ ನರದ ಚಿಕಿತ್ಸೆ: 32ರಿಂದ 5ಕ್ಕೆ ಇಳಿದ ಲೆಕ್ಕ

ಮೂರು ಬಗೆಯ ಮಾತ್ರೆ, ಅದರಲ್ಲೊಂದು ಮೂತ್ರ ಹೆಚ್ಚಿಸುವಂಥದ್ದು. ಇಷ್ಟು ನುಂಗಿದರೂ ಬಿಪಿ 140/90ಕ್ಕಿಂತ ಕೆಳಗೆ ಬರದಿದ್ದರೆ ವೈದ್ಯರು ಅದನ್ನು ರೆಸಿಸ್ಟೆಂಟ್ ಬಿಪಿ ಎನ್ನುತ್ತಾರೆ. ಇಂಥವರಿಗೆ ಈಗ ರೀನಲ್ ಡಿನರ್ವೇಶನ್, ಅಂದರೆ ಕಿಡ್ನಿಯ ನರಗಳನ್ನು ಸುಡುವ ಚಿಕಿತ್ಸೆ ಇದೆ. ಹೆಸರು ಹೊಸದು, ಯೋಚನೆ ಹಳೆಯದು.

1940ರ ದಶಕದಲ್ಲಿ ಬಿಪಿಗೆ ಹೇಳಿಕೊಳ್ಳುವಂಥ ಔಷಧಿಯೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅವರ ಬಿಪಿ 300/190 ಇತ್ತು! ಆಗ ಸರ್ಜನ್‌ಗಳು ಬೆನ್ನು ಕೊಯ್ದು, ಬೆನ್ನುಮೂಳೆಯ ಪಕ್ಕದ ನರಗಳನ್ನೇ ಕತ್ತರಿಸುತ್ತಿದ್ದರು. ಬಿಪಿ ಇಳಿಯುತ್ತಿತ್ತು ನಿಜ. ಆದರೆ ಎದ್ದು ನಿಂತರೆ ತಲೆ ಸುತ್ತಿ ಬೀಳುವುದು, ಗಂಡಸರಿಗೆ ಲೈಂಗಿಕ ತೊಂದರೆ, ಹೀಗೆ ಬೇರೆ ಕಾಟ ಶುರುವಾಗುತ್ತಿತ್ತು. 1950ರ ದಶಕದ ಕೊನೆಗೆ ಒಳ್ಳೆಯ ಮಾತ್ರೆಗಳು ಬಂದವು, ಕತ್ತರಿ ಮೂಲೆ ಸೇರಿತು.

ನರಗಳ ಮೇಲಿನ ಕಣ್ಣು ಮಾತ್ರ ಹೋಗಲಿಲ್ಲ. ಮಿದುಳಿನಿಂದ ಕಿಡ್ನಿಗೆ ಹೋಗುವ ನರಗಳು ಉಪ್ಪು ಹಿಡಿದಿಟ್ಟುಕೋ ಎನ್ನುತ್ತವೆ, ಬಿಪಿ ಏರಿಸುವ ರೆನಿನ್ ಎಂಬ ರಾಸಾಯನಿಕವನ್ನು ಬಿಡಿಸುತ್ತವೆ. ಕಿಡ್ನಿಯಿಂದ ಮೇಲಕ್ಕೆ ಹೋಗುವವು ಇಡೀ ಮೈಯ ನರಗಳನ್ನು ಕೆರಳಿಸಬಲ್ಲವು. ಇವೆಲ್ಲ ಕಿಡ್ನಿಯ ರಕ್ತನಾಳದ ಸುತ್ತಲೇ ಹಬ್ಬಿವೆ. ಹಾಗಾದರೆ ಬೆನ್ನು ಕೊಯ್ಯುವುದೇಕೆ? ತೊಡೆಸಂದಿಯಲ್ಲಿ ಚುಚ್ಚಿ, ತೆಳು ಕೊಳವೆಯನ್ನು ಅಲ್ಲಿತನಕ ತಳ್ಳಿ, ಒಳಗಿನಿಂದಲೇ ಬಿಸಿ ಕೊಟ್ಟು ನರ ಸುಟ್ಟರಾಯಿತು.

2010ರಲ್ಲಿ 106 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು: ನರ ಸುಡಿಸಿಕೊಂಡವರ ಮೇಲಿನ ಬಿಪಿ ಸರಾಸರಿ 32 ಅಂಕ ಇಳಿದಿತ್ತು. ವೈದ್ಯಲೋಕ ಕುಣಿದಾಡಿತು.

ಆ ಕುಣಿತ ನಿಂತದ್ದು 2014ರಲ್ಲಿ. ಸಿಂಪ್ಲಿಸಿಟಿ-3 ಎಂಬ ಪರೀಕ್ಷೆಗೆ 535 ಜನರನ್ನು ಸೇರಿಸಿಕೊಂಡರು. ಮೂರರಲ್ಲಿ ಒಂದು ಪಾಲು ಜನರಿಗೆ ನಡೆದದ್ದು ಬರೀ ನಾಟಕ: ಮಂಪರು ಬರಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಸಂಗೀತ ಹಾಕಿ, ಸುಮ್ನೆ ರಕ್ತನಾಳದ ಚಿತ್ರ ತೆಗೆದು ಕಳಿಸಿದರು. ಆರು ತಿಂಗಳ ನಂತರ ನರ ಸುಟ್ಟವರಿಗೆ ಸುಮಾರು 14 ಅಂಕ ಇಳಿದಿತ್ತು, ನಾಟಕದವರಿಗೆ 12! ಪರೀಕ್ಷೆಗೆ ಸೇರಿದ ಮೇಲೆ ಜನ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ ಅಲ್ವಾ, ಅದೂ ಒಂದು ಕಾರಣವಿದ್ದೀತು.

ನನ್ನ ಪ್ರಕಾರ ಈ ಚಿಕಿತ್ಸೆಯನ್ನು ಉಳಿಸಿದ್ದೇ ಆ ಸೋಲು. ಆವತ್ತು ಕೊಳವೆ ಹಿಡಿದಿದ್ದ ಅನೇಕರಿಗೆ ಕೈ ಪಳಗಿರಲಿಲ್ಲ. ಕೊಳವೆಯ ತುದಿಯಲ್ಲಿ ಬಿಸಿ ಕೊಡುವ ಬಿಂದು ಒಂದೇ ಇತ್ತು, ಹಾಗಾಗಿ ಎಷ್ಟೋ ನರಗಳು ತಪ್ಪಿಹೋದವು. ಆಮೇಲೆ ನಾಲ್ಕು ಬಿಂದುಗಳ ಸುರುಳಿ ಕೊಳವೆ ಬಂತು. ಅಲ್ಟ್ರಾಸೌಂಡ್‌ನಿಂದ ಬಿಸಿ ಕೊಡುವ, ನಾಳದ ಒಳಗೋಡೆಯನ್ನು ನೀರಿನಿಂದ ತಣ್ಣಗಿಡುವ ಬಲೂನ್ ಬಂತು. ರೋಗಿ ಯಾವ ಮಾತ್ರೆ ನುಂಗಿದ್ದಾನೆಂದು ಮೂತ್ರ, ರಕ್ತ ಪರೀಕ್ಷಿಸಿಯೇ ನೋಡತೊಡಗಿದರು. ಇಷ್ಟೆಲ್ಲ ಬಿಗಿ ಮಾಡಿದ ಮೇಲೆ, ನಾಟಕದ ಗುಂಪಿಗಿಂತ ಹಲವು ಪರೀಕ್ಷೆಗಳಲ್ಲಿ ಸಿಕ್ಕ ಲಾಭ ಸುಮಾರು 5 ಅಂಕ. 32 ಎಲ್ಲಿ, 5 ಎಲ್ಲಿ! ಆದರೂ ಇದು ನಂಬಬಹುದಾದ 5. ಅಮೆರಿಕದ ಔಷಧಿ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ನವೆಂಬರ್‌ನಲ್ಲಿ ಎರಡೂ ಬಗೆಯ ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು.

ನರ ನಿಜಕ್ಕೂ ಸುಟ್ಟಿದೆಯೇ ಎಂದು ಚಿಕಿತ್ಸೆಯ ಟೇಬಲ್ ಮೇಲೆಯೇ ಖಚಿತವಾಗಿ ಹೇಳುವ ಸುಲಭ ದಾರಿ ಇನ್ನೂ ಇಲ್ಲ. ಕೆಲವರಿಗೆ ಏನೂ ಇಳಿಯುವುದಿಲ್ಲ, ಹೆಚ್ಚಿನವರಿಗೆ ಮಾತ್ರೆಯೂ ತಪ್ಪುವುದಿಲ್ಲ. ಅದಕ್ಕೇ ಕೊಳವೆ ಹಾಕುವ ಮೊದಲು ವೈದ್ಯರು ಬೇರೆಯದನ್ನೆಲ್ಲ ಹುಡುಕುತ್ತಾರೆ: ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ, ಉಪ್ಪು ಹಿಡಿದಿಡುವ ಆಲ್ಡೋಸ್ಟಿರೋನ್ ಹಾರ್ಮೋನನ್ನು ಜಾಸ್ತಿ ಸುರಿಸುತ್ತಿದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ, ಬರೆದುಕೊಟ್ಟ ಮಾತ್ರೆ ದಿನಾ ಹೊಟ್ಟೆಗೆ ಹೋಗುತ್ತಿದೆಯೇ.